ಸಿನಿಮಾಕ್ಕೆ ಬರೆದ ಕಾದಂಬರಿಕಾರ ಕೆಡ್ತಾನಾ? ಲ್ಯಾರಿ ಮ್ಯಾಕ್‌ಮರ್ಟ್ರಿ ಓದಿದವರು ಹೇಳಿ

ತುಂಗಾತೀರ:
ಮೂರು ವಾರ ಹಿಡಿದು ಮ್ಯಾಕ್‌ಮರ್ಟ್ರಿಯ ಕಾದಂಬರಿ 'ಲೋನ್ಸಮ್ ಡವ್' ಮುಗಿಸಿದೆ. ಎಂಟುನೂರು ಚಿಲ್ಲರೆ ಪುಟ. ನಿನ್ನೆ ರಾತ್ರಿ ಎರಡು ಗಂಟೆಗೆ ಪುಸ್ತಕ ಮುಚ್ಚಿಟ್ಟು ಮಲಗಿದರೂ ನಿದ್ದೆ ಹತ್ತಲಿಲ್ಲ. ಟೆಕ್ಸಸ್‌ನ ದಕ್ಷಿಣ ತುದಿಯಿಂದ ಮೊಂಟಾನಾದವರೆಗೆ ದನ ಹೊಡೆದುಕೊಂಡು ಹೋಗೋ ಇಬ್ಬರು ಮುದುಕರ ಕಥೆ ನನ್ನನ್ನು ಇಷ್ಟು ಹಿಡಿದು ಅಲ್ಲಾಡಿಸುತ್ತೆ ಅಂತ ಅಂದುಕೊಂಡಿರಲಿಲ್ಲ.

ನಮ್ಮ ಓದುಗ ಬಳಗದಲ್ಲಿ ಇದರ ಮಾತು ತೆಗೆದರೆ ಹಿರಿಯರೊಬ್ಬರು, "ಅವನು ಸಿನಿಮಾದವನು. ಪಿಕ್ಚರ್ ಆಗಲಿ ಅಂತಲೇ ಬರೆದಿರ್ತಾನೆ. ಸಾಹಿತ್ಯ ಅಲ್ಲ ಅದು" ಅಂದುಬಿಟ್ಟರು. ಉತ್ತರ ಕೊಡೋಕೆ ನನ್ನ ಹತ್ತಿರ ಸರಕಿರಲಿಲ್ಲ, ಸುಮ್ಮನೆ ಎದ್ದು ಬಂದೆ. ಆದರೆ ಹೊಟ್ಟೆಯೊಳಗೆ ಉರಿ ಇನ್ನೂ ಇಳಿದಿಲ್ಲ.

ನನಗೆ ಗೊತ್ತಿರೋದು ಇಷ್ಟು. 1936ರಲ್ಲಿ ಟೆಕ್ಸಸ್‌ನಲ್ಲಿ ಹುಟ್ಟಿದವರು, 2021ರ ಮಾರ್ಚ್‌ನಲ್ಲಿ ತೀರಿಕೊಂಡರು. ಈ ಕಾದಂಬರಿಗೆ 1986ರಲ್ಲಿ ಪುಲಿಟ್ಜರ್ ಬಂತು. 'ಹಡ್', 'ದ ಲಾಸ್ಟ್ ಪಿಕ್ಚರ್ ಶೋ', 'ಟರ್ಮ್ಸ್ ಆಫ್ ಎಂಡಿಯರ್‌ಮೆಂಟ್', 'ಬ್ರೋಕ್‌ಬ್ಯಾಕ್ ಮೌಂಟನ್', ಈ ನಾಲ್ಕಕ್ಕೂ ಚಿತ್ರಕಥೆ ಬರೆದಿದ್ದಾರೆ. ಓದಿದವರು ಹೇಳಿ, ಸಿನಿಮಾ ಇವರನ್ನ ಕೆಡಿಸಿತಾ, ಬೆಳೆಸಿತಾ?

ಬೆಳ್ಳಿತೆರೆ:
ಮೊದಲು ಒಂದು ತಿದ್ದುಪಡಿ. ನಾಲ್ಕಕ್ಕೂ ಅಲ್ಲ, ಎರಡಕ್ಕೆ ಮಾತ್ರ. 1963ರ 'ಹಡ್' ಇವರ ಮೊದಲ ಕಾದಂಬರಿ ಆಧರಿಸಿದ್ದು ನಿಜ, ಆದರೆ ಚಿತ್ರಕಥೆ ಅರ್ವಿಂಗ್ ರಾವೆಚ್ ಮತ್ತು ಹ್ಯಾರಿಯೆಟ್ ಫ್ರಾಂಕ್ ದಂಪತಿಯದು. 'ಟರ್ಮ್ಸ್ ಆಫ್ ಎಂಡಿಯರ್‌ಮೆಂಟ್' ಜೇಮ್ಸ್ ಎಲ್. ಬ್ರೂಕ್ಸ್ ಬರೆದು ನಿರ್ದೇಶಿಸಿದ್ದು. ಜ್ಯಾಕ್ ನಿಕಲ್ಸನ್ ಮಾಡಿದ ಗಗನಯಾತ್ರಿ ಇದ್ದಾನಲ್ಲ, ಅವನು ಕಾದಂಬರಿಯಲ್ಲಿ ಇಲ್ಲವೇ ಇಲ್ಲ. ಮ್ಯಾಕ್‌ಮರ್ಟ್ರಿ ಕೈಯಾಡಿಸಿದ್ದು ನಿರ್ದೇಶಕ ಬೊಗ್ದಾನೊವಿಚ್ ಜೊತೆ 1971ರ 'ಲಾಸ್ಟ್ ಪಿಕ್ಚರ್ ಶೋ'ಗೆ, ಆಮೇಲೆ ಡಯಾನಾ ಒಸಾನಾ ಜೊತೆ 'ಬ್ರೋಕ್‌ಬ್ಯಾಕ್'ಗೆ.

ಮೊದಲ ಕಾದಂಬರಿ ಬಂದದ್ದು 1961ರಲ್ಲಿ, ವಯಸ್ಸು 25. ಆ ಹುಡುಗನಿಗೆ ಪಾಲ್ ನ್ಯೂಮನ್ ಬಂದು ತನ್ನ ಕಥೆಯಲ್ಲಿ ನಟಿಸ್ತಾನೆ ಅಂತ ಕನಸು ಬಿದ್ದಿತ್ತಾ? ನಿಮ್ಮ ಹಿರಿಯರಿಗೆ ಇದನ್ನ ಹೇಳಿ.

ತುಂಗಾತೀರ:
ಥ್ಯಾಂಕ್ಸ್ ಸರ್. ಎಲ್ಲೋ ಓದಿದ್ದನ್ನ ನಂಬಿಬಿಟ್ಟಿದ್ದೆ.

ಕಟ್_ಓಕೆ:
ಬೆಳ್ಳಿತೆರೆ ಅವರು ಹೇಳಿದ್ದು ಸರಿ, ಆದರೆ ಕಥೆ ಪೂರ್ತಿ ಆಗಲಿಲ್ಲ. 'ಲೋನ್ಸಮ್ ಡವ್' ಹುಟ್ಟಿದ್ದೇ ಚಿತ್ರಕಥೆಯಾಗಿ! ಎಪ್ಪತ್ತರ ದಶಕದ ಶುರುವಿನಲ್ಲಿ ಬೊಗ್ದಾನೊವಿಚ್‌ಗೋಸ್ಕರ 'ಸ್ಟ್ರೀಟ್ಸ್ ಆಫ್ ಲರೇಡೊ' ಅನ್ನೋ ಹೆಸರಲ್ಲಿ ಬರೆದದ್ದು. ಜಾನ್ ವೇಯ್ನ್, ಜೇಮ್ಸ್ ಸ್ಟೀವರ್ಟ್, ಹೆನ್ರಿ ಫೋಂಡಾ ಮೂವರು ನಟರನ್ನೂ ಮನಸ್ಸಲ್ಲಿಟ್ಟುಕೊಂಡು. ವೇಯ್ನ್ ಒಲ್ಲೆ ಅಂದ, ಅಲ್ಲಿಗೆ ಎಲ್ಲ ಮಣ್ಣುಪಾಲು. ಸ್ಟುಡಿಯೋದ ಬೀರುವಿನಲ್ಲಿ ಬಿದ್ದಿದ್ದ ಆ ಹಾಳೆಗಳನ್ನ ಮ್ಯಾಕ್‌ಮರ್ಟ್ರಿ 35,000 ಡಾಲರ್ ಕೊಟ್ಟು ವಾಪಸ್ ಕೊಂಡರು. ತಾನು ಬರೆದದ್ದನ್ನ ತಾನೇ ದುಡ್ಡು ಕೊಟ್ಟು ಕೊಳ್ಳೋದು ಅಂದ್ರೆ ಏನು ಅಂತ ಚಿತ್ರಕಥೆ ಬರೆಯೋರನ್ನ ಕೇಳಿ. ನಾನು ಬರೀತೀನಿ, ಅದಕ್ಕೇ ಹೇಳ್ತಿದೀನಿ.

ಆಮೇಲೆ ಎಷ್ಟೋ ವರ್ಷಕ್ಕೆ ರಸ್ತೆಯಲ್ಲಿ ಹೋಗ್ತಾ ಒಂದು ಹಳೇ ಬಸ್ ನೋಡಿದರಂತೆ. ಅದರ ಮೈಮೇಲೆ 'ಲೋನ್ಸಮ್ ಡವ್ ಬ್ಯಾಪ್ಟಿಸ್ಟ್ ಚರ್ಚ್' ಅಂತ ಬರೆದಿತ್ತು. ಆ ಹೆಸರು ಸಿಕ್ಕಿದ ಮೇಲೆ ಕಾದಂಬರಿ ದಡ ಮುಟ್ಟಿದ್ದು. ಹಾಗಾಗಿ ಆ ಹಿರಿಯರ ಮಾತು ಅರ್ಧ ನಿಜ ಅಂತಲೇ ನನ್ನ ವಾದ.

ಸಾಧನಕೇರಿ:
ಅರ್ಧ ನಿಜ ಹೆಂಗಾತ್ರಿ ಅದು? ಸಿನಿಮಾ ಆಗಲಿಲ್ಲ ಅಂತನ ಕಾದಂಬರಿ ಆತು. ಎರಡೂ ಬ್ಯಾರೆ ಬ್ಯಾರೆ ಮಾತು. ಶುರುವಿಗೆ ನೂರಾರು ಪುಟ ಲೋನ್ಸಮ್ ಡವ್ ಅನ್ನೂ ಆ ಊರಾಗ ಏನೂ ನಡಿಯಂಗಿಲ್ಲ ನೋಡ್ರಿ. ಆ ಇಬ್ಬರು ಮುದುಕರಾಗ ಒಬ್ಬಂವ, ಗಸ್, ಪಡಸಾಲಿಗೆ ಬರ್ತಾನ, ಎರಡು ಹಂದಿ ಕೂಡಿ ಒಂದು ಹಾವು ತಿನ್ನಾಕ ಹತ್ತಿರ್ತಾವ, ಅಲ್ಲಿಂದ ಪುಸ್ತಕ ಶುರು. ಬಿಸಲು, ಧೂಳು, ಕೆಲಸಿಲ್ಲದ ಮುದುಕ, ಮತ್ತ ಅವನ ಮಾತು. ಯಾವ ನಿರ್ಮಾಪಕ ಅದಕ್ಕ ರೊಕ್ಕ ಹಾಕ್ತಾನ? ಆ ನಿಧಾನ ಏನೈತಿ, ಅದು ಕಾದಂಬರಿಕಾರನ ಸ್ವಂತ ಆಸ್ತಿ. ಅದನ್ನ ಯಾರೂ ಕಸ್ಕೊಳ್ಳಾಕ ಆಗಲಿಲ್ಲ.

ಕರಾವಳಿಯ_ಓದುಗಿ:
ಹಂದಿಗಳು ಹಾವು ತಿನ್ನುವುದಾ! ಈಗಲೇ ಆರ್ಡರ್ ಮಾಡಿದೆ ಮಾರಾಯ್ರೆ.

ಸಾಧನಕೇರಿ:
ಮಾಡ್ರಿ ಅಕ್ಕಾರ. ಆ ಹಂದಿಗಳೂ ದನದ ಹಿಂದ ಮೊಂಟಾನಾ ತನಕ ನಡಕೊಂಡ ಹೋಗ್ತಾವ.

ಕಟ್_ಓಕೆ:
ನಿಧಾನದ ಮಾತು ಒಪ್ಪಿದೆ. ಆದರೆ ಸಂಭಾಷಣೆ? ಅದು ಚಿತ್ರಕಥೆಯ ಪಳಗಿದ ಕೈ. ಗಸ್ ಬಾಯಿಬಡುಕ, ಇನ್ನೊಬ್ಬ ಮುದುಕ ಕಾಲ್ ಮೂಗ. ಒಬ್ಬ ಮಾತಾಡ್ತಾನೆ, ಇನ್ನೊಬ್ಬ ಎದ್ದು ಹೊರಗೆ ಹೋಗ್ತಾನೆ. ಅಷ್ಟರಲ್ಲೇ ಇಬ್ಬರ ಎಷ್ಟೋ ವರ್ಷದ ಗೆಳೆತನ ಕಣ್ಣಿಗೆ ಕಟ್ಟುತ್ತೆ. ಕೊನೇಲಿ ಕಾಲ್, ಜೊತೆಗಿದ್ದ ಹುಡುಗ ನ್ಯೂಟ್‌ಗೆ ತನ್ನ ಕುದುರೆ ಕೊಡ್ತಾನೆ, ಬಂದೂಕು ಕೊಡ್ತಾನೆ, ತನ್ನಪ್ಪನ ಗಡಿಯಾರ ಕೊಡ್ತಾನೆ. "ನೀನು ನನ್ನ ಮಗ" ಅನ್ನೋ ಒಂದು ಮಾತು ಮಾತ್ರ

ಕರಾವಳಿಯ_ಓದುಗಿ:
ನಿಲ್ಲಿಸಿ ನಿಲ್ಲಿಸಿ! ಪುಸ್ತಕ ಇನ್ನೂ ಮನೆಗೆ ಬಂದಿಲ್ಲ. ಕೊನೆಯನ್ನು ಹೀಗೆ ಬಿಚ್ಚಿಡುವುದು ಯಾವ ನ್ಯಾಯ?

ಕಟ್_ಓಕೆ:
ತಪ್ಪಾಯ್ತು ಮೇಡಂ. ಇದು ಮಾತ್ರ ಕೇಳಿ: ಗೊತ್ತಿದ್ದು ಓದಿದರೂ ಆ ಜಾಗದಲ್ಲಿ ಗಂಟಲು ಕಟ್ಟುತ್ತೆ. ನನಗೆ ಎರಡನೇ ಸಲ ಓದಿದಾಗಲೇ ಜಾಸ್ತಿ ಅತ್ತದ್ದು.

ಬೆಳ್ಳಿತೆರೆ:
1989ರ ಕಿರುಸರಣಿಯಲ್ಲಿ ಆ ದೃಶ್ಯ ನೋಡಿ, ಕಾಲ್ ಆಗಿ ಟಾಮಿ ಲೀ ಜೋನ್ಸ್ ಮುಖ. ಗಸ್ ಪಾತ್ರಕ್ಕೆ ರಾಬರ್ಟ್ ಡುವಾಲ್. ಗಮನಿಸಿ, ಅದರ ಚಿತ್ರಕಥೆಯೂ ಮ್ಯಾಕ್‌ಮರ್ಟ್ರಿಯದಲ್ಲ, ಬಿಲ್ ವಿಟ್ಲಿಫ್‌ದು. ತನ್ನ ಅತಿ ದೊಡ್ಡ ಪುಸ್ತಕವನ್ನ ಇನ್ನೊಬ್ಬರ ಕೈಗೆ ಕೊಟ್ಟು ದೂರ ನಿಂತ ಮನುಷ್ಯ. ಸಿನಿಮಾ ಹುಚ್ಚಿನವರು ಹಾಗೆ ಮಾಡ್ತಾರಾ?

ಹಳೆಪುಸ್ತಕ:
ಎಲ್ಲರೂ ಸಿನಿಮಾ ಸಿನಿಮಾ ಅಂತಿದೀರಿ. ಆ ಮನುಷ್ಯನ ಜೀವ ಇದ್ದದ್ದು ಹಳೇ ಪುಸ್ತಕದ ವ್ಯಾಪಾರದಲ್ಲಿ. ಅದನ್ನ ಬಿಟ್ಟು ಅವರನ್ನ ಅರ್ಥ ಮಾಡಿಕೊಳ್ಳೋಕೆ ಆಗೋದಿಲ್ಲ.

ದನ ಸಾಕೋ ಮನೆ. ಅಜ್ಜ, ಅಪ್ಪ, ದೊಡ್ಡಪ್ಪ ಚಿಕ್ಕಪ್ಪಂದಿರೆಲ್ಲ ಕುದುರೆ ಮೇಲೇ ಬದುಕಿದವರು. ಮನೇಲಿ ಒಂದೇ ಒಂದು ಪುಸ್ತಕ ಇರಲಿಲ್ಲ. 1942ರಲ್ಲಿ ಯುದ್ಧಕ್ಕೆ ಹೊರಟಿದ್ದ ಬಂಧು ಒಬ್ಬ ದಾರೀಲಿ ಇಳಿದು ಒಂದು ಪೆಟ್ಟಿಗೆ ಇಟ್ಟುಹೋದ. ಅದರೊಳಗೆ 19 ಪುಸ್ತಕ. ಆರು ವರ್ಷದ ಹುಡುಗ ಅವನ್ನೇ ತಿರುಗಾ ಮುರುಗಾ ಓದಿದ. ಈ 19 ಅನ್ನೋ ಲೆಕ್ಕವನ್ನ ಅವರು ಮುದುಕರಾದ ಮೇಲೂ ಮರೆತಿರಲಿಲ್ಲ ನೋಡಿ. ನಾವು ಮೊದಲ ಸಂಬಳ ನೆನಪಿಟ್ಟುಕೊಳ್ತೀವಲ್ಲ, ಹಾಗೆ.

1960ರಲ್ಲಿ ಸ್ಟ್ಯಾನ್‌ಫರ್ಡ್‌ಗೆ ಬರವಣಿಗೆ ಕಲಿಯೋಕೆ ಹೋದರು. ಅಲ್ಲಿ ಕಾದಂಬರಿಕಾರ ಕೆನ್ ಕೀಸಿ ಜೊತೆಗಾರ. ಆಗಲೇ ಹಳೇ ಪುಸ್ತಕದಂಗಡಿಗಳಲ್ಲಿ ಅಪರೂಪದ್ದು ಹುಡುಕಿ ತಂದು ಮಾರೋ ಕೆಲಸ ಶುರು ಮಾಡಿದ್ದರು. 1971ರಲ್ಲಿ ವಾಷಿಂಗ್ಟನ್ನಿನ ಜಾರ್ಜ್‌ಟೌನ್‌ನಲ್ಲಿ 'ಬುಕ್ಡ್ ಅಪ್' ಅನ್ನೋ ಅಂಗಡಿ ತೆರೆದರು. 1988ರಲ್ಲಿ ತಮ್ಮ ಊರು ಆರ್ಚರ್ ಸಿಟಿಗೇ ತಂದರು. ಎರಡು ಸಾವಿರ ಜನವೂ ಇಲ್ಲದ ಊರಿಗೆ ನಾಲ್ಕು ಲಕ್ಷದಷ್ಟು ಪುಸ್ತಕ! ಹಾಲಿವುಡ್‌ನಿಂದ ಬಂದ ದುಡ್ಡು ಈಜುಕೊಳಕ್ಕೆ ಹೋಗಲಿಲ್ಲ, ಕಪಾಟಿಗೆ ಹೋಯ್ತು. ತುಂಗಾತೀರ ಅವರೇ, ನಿಮ್ಮ ಹಿರಿಯರಿಗೆ ಇದು ನನ್ನ ಉತ್ತರ.

ಡಲ್ಲಸ್_ಕನ್ನಡಿಗ:
ಹಳೆಪುಸ್ತಕ ಸರ್, ನಾನು ಅಲ್ಲಿಗೆ ಹೋಗಿದ್ದೆ. ಇಲ್ಲಿಂದ ಕಾರಲ್ಲಿ ಎರಡೂವರೆ ಗಂಟೆ, ವಿಚಿಟಾ ಫಾಲ್ಸ್‌ನಿಂದ ದಕ್ಷಿಣಕ್ಕೆ ಇನ್ನು ನಲವತ್ತು ಕಿಲೋಮೀಟರ್. ಇಡೀ ಊರಿಗೆ ಒಂದೇ ಸಿಗ್ನಲ್ ದೀಪ. ಮಧ್ಯೆ ಕಲ್ಲಿನ ಕೋರ್ಟು, ಅದರ ಸುತ್ತ ಅಂಗಡಿಗಳು, ಆ ಅಂಗಡಿಗಳಲ್ಲಿ ಆಗ ಮುಕ್ಕಾಲು ಪುಸ್ತಕವೇ ಇತ್ತು.

'ಬುಕ್ಡ್ ಅಪ್' ಆಗ ನಾಲ್ಕು ಕಟ್ಟಡ. ಗಲ್ಲಾಪೆಟ್ಟಿಗೆ ಇದ್ದದ್ದು ಒಂದನೇ ನಂಬರಲ್ಲಿ ಮಾತ್ರ. ಬೇರೆ ಮೂರರಲ್ಲಿ ನರಪಿಳ್ಳೆ ಇರಲಿಲ್ಲ. ಬಾಗಿಲು ತಳ್ಳಿಕೊಂಡು ಒಳಗೆ ಹೋಗೋದು, ಬೇಕಾದ್ದು ಎತ್ತಿಕೊಳ್ಳೋದು, ರಸ್ತೆ ದಾಟಿ ಒಂದನೇ ನಂಬರಿಗೆ ಬಂದು ದುಡ್ಡು ಕೊಡೋದು. ನಾನು ಮೂರನೇ ಕಟ್ಟಡದಲ್ಲಿ ಒಬ್ಬನೇ ಎರಡು ಗಂಟೆ ಇದ್ದೆ. ಮಾಡಿನ ತಗಡು ಬಿಸಿಲಿಗೆ ಚಟಚಟ ಅನ್ನೋ ಸದ್ದು ಬಿಟ್ಟರೆ ಏನೂ ಇಲ್ಲ. ಪುಸ್ತಕದ ಮೊದಲ ಹಾಳೆ ಮೇಲೆ ಪೆನ್ಸಿಲಿನಲ್ಲಿ ಬೆಲೆ. ಹನ್ನೆರಡು ಡಾಲರಿನ ಒಂದು ಪ್ರವಾಸ ಕಥನ ತಂದೆ, ಇವತ್ತಿಗೂ ಆ ಪೆನ್ಸಿಲ್ ಗುರುತು ಅಳಿಸಿಲ್ಲ. ಮ್ಯಾಕ್‌ಮರ್ಟ್ರಿ ಆವತ್ತು ಅಂಗಡೀಲಿ ಇರಲಿಲ್ಲ.

ಎದುರಿಗೇ ರಾಯಲ್ ಥಿಯೇಟರ್. 'ಲಾಸ್ಟ್ ಪಿಕ್ಚರ್ ಶೋ'ದಲ್ಲಿ ಮುಚ್ಚಿಹೋಗೋ ಟಾಕೀಸು ಅದೇ. ಸಿನಿಮಾ ತೆಗೆದದ್ದೂ ಅದೇ ಊರಲ್ಲಿ.

ಬೆಳ್ಳಿತೆರೆ:
ಹೌದು, ಕಪ್ಪುಬಿಳುಪಿನಲ್ಲಿ. ಎಂಟು ಆಸ್ಕರ್ ನಾಮನಿರ್ದೇಶನ, ಎರಡು ಪ್ರಶಸ್ತಿ. ಸ್ಯಾಮ್ ದ ಲಯನ್ ಆಗಿ ಬೆನ್ ಜಾನ್ಸನ್ ಕೆರೆ ದಂಡೆ ಮೇಲೆ ಕೂತು ಹಳೇ ಪ್ರೀತಿಯ ಬಗ್ಗೆ ಮಾತಾಡೋ ಜಾಗ ನೋಡಿ. ಪಾತ್ರಕ್ಕೆ ಮಾತು ಜಾಸ್ತಿ ಅಂತ ಅವರು ಮೊದಲು ಒಪ್ಪಿರಲಿಲ್ಲ. ಆ ಮಾತುಗಳಿಂದಲೇ ಆಸ್ಕರ್ ಬಂತು.

ತುಂಗಾತೀರ:
ಊರಿನವರು ಏನಂದರು? ತಮ್ಮೂರಿನ ಗುಟ್ಟೆಲ್ಲ ಬರೆದಿದ್ದಾನೆ ಅಂತ ಸಿಟ್ಟಾಗಲಿಲ್ವಾ?

ಡಲ್ಲಸ್_ಕನ್ನಡಿಗ:
ಆದರು, ಚೆನ್ನಾಗಿಯೇ ಆದರು. ಕಾದಂಬರಿಯಲ್ಲಿ ಊರಿನ ಹೆಸರು ಥಾಲಿಯಾ ಅಂತ ಬದಲಾಯಿಸಿದ್ದರೂ ಯಾರಿಗೂ ಅನುಮಾನ ಉಳಿದಿರಲಿಲ್ಲ. ಪುಸ್ತಕವನ್ನ ಪ್ರೀತಿಯಿಂದ ನನ್ನ ಊರಿಗೆ ಅಂತಲೇ ಅರ್ಪಿಸಿದ್ದರು ಬೇರೆ. ಆದರೆ ಬೈದ ಊರಿಗೇ ಇಪ್ಪತ್ತೆರಡು ವರ್ಷದ ಮೇಲೆ ಲಾರಿಗಟ್ಟಲೆ ಪುಸ್ತಕ ತಂದು ಸುರಿದರಲ್ಲ. ಊರಿನ ಋಣ ತೀರಿಸೋ ರೀತಿ ಅದು ಅಂತ ನಾನು ಅಂದುಕೊಳ್ತೀನಿ.

ಸಾಧನಕೇರಿ:
ಊರ ಪ್ರೀತಿ ಅಂದ್ರ ಊರ ಹೊಗಳೂದು ಅಲ್ಲರಿ. ಛಲೋ ಹೇಳಿದ್ರಿ.

ಅಜ್ಜಂಪುರದವ:
ಸ್ವಲ್ಪ ಬೇರೆ ಮಾತು, ಕ್ಷಮಿಸಿ. ಇದನ್ನ ಯಾರಾದರೂ ಕನ್ನಡಕ್ಕೆ ತರೋದಾದರೆ ಕೌಬಾಯ್‌ಗೆ ಏನಂತೀರಿ? ನಿಘಂಟಿನ ಪ್ರಕಾರ ದನಗಾಹಿ. ಆದರೆ ದನಗಾಹಿ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಕಂಬಳಿ ಹೊದ್ದು ಕೋಲು ಹಿಡಿದ ಹುಡುಗ, ಕುದುರೆ ಮೇಲಿನ ಬಂದೂಕುಧಾರಿ ಅಲ್ಲ. ನಮ್ಮ ಕಡೆ ಅಮೃತಮಹಲ್ ಕಾವಲು ಇದೆ. ಆ ದನಗಳ ಪೊಗರು ನೋಡಿದವನು ನಾನು, ಅಪರಿಚಿತರನ್ನ ಹತ್ತಿರ ಬಿಟ್ಟುಕೊಳ್ಳೋಲ್ಲ. ಮಂದೆ, ದೊಡ್ಡಿ, ಕಾವಲು, ಗೋಮಾಳ, ಗುಳೆ ಇಷ್ಟೆಲ್ಲ ಪದ ನಮ್ಮಲ್ಲಿದೆ. ಆದರೂ 'ಕ್ಯಾಟಲ್ ಡ್ರೈವ್'ಗೆ ಒಂದೇ ಪದ ಸಿಗ್ತಿಲ್ಲ.

ಹಳೆಪುಸ್ತಕ:
'ದನ ಹೊಡ್ಕೊಂಡು ಹೋಗೋದು' ಅಂತಲೇ ಬರೆದರಾಯ್ತು. ತುಂಗಾತೀರ ಅವರು ಮೊದಲ ಪ್ಯಾರಾದಲ್ಲೇ ಬರೆದಿದ್ದಾರಲ್ಲ, ಎಲ್ಲರಿಗೂ ಅರ್ಥ ಆಯ್ತು. ಕೌಬಾಯ್ ಅನ್ನೋದನ್ನ ಹಾಗೇ ಬಿಡಿ.

ಅಜ್ಜಂಪುರದವ:
ಹಾಗೇ ಬಿಡೋದು ಸೋಲು ಅನ್ನಿಸುತ್ತೆ ನನಗೆ. ದನಗಾಹಿ ಅಂತಲೇ ಬಳಸಿ, ನೂರು ಪುಟ ದಾಟೋ ಹೊತ್ತಿಗೆ ಓದುಗನ ಕಣ್ಣಲ್ಲಿ ಆ ಪದವೇ ಕುದುರೆ ಹತ್ತಿರುತ್ತೆ.

ಸಾಧನಕೇರಿ:
ಇದು ಖರೇ ಮಾತು.

ಕಟ್_ಓಕೆ:
ಮೂಲ ಪ್ರಶ್ನೆಗೆ ಬರೋಣ. ಒಂದು ಮಾತು ನನಗೆ ಬಗೆಹರಿದಿಲ್ಲ. 1981ರಲ್ಲಿ 'ಟೆಕ್ಸಸ್ ಅಬ್ಸರ್ವರ್' ಪತ್ರಿಕೆಯಲ್ಲಿ ಮ್ಯಾಕ್‌ಮರ್ಟ್ರಿ ಒಂದು ದೊಡ್ಡ ಲೇಖನ ಬರೆದು ಟೆಕ್ಸಸ್ ಸಾಹಿತಿಗಳಿಗೆ ಛೀಮಾರಿ ಹಾಕಿದರು. ಹಳ್ಳಿ, ಕುದುರೆ, ಕಳೆದುಹೋದ ಕಾಲ ಅಂತ ಕೊರಗಿದ್ದು ಸಾಕು, ಜನ ನಗರಗಳಿಗೆ ಬಂದು ಎಷ್ಟೋ ಕಾಲವಾಯ್ತು, ಅದನ್ನ ಬರೀರಿ ಅಂತ. ಸರಿಯಾಗಿ ನಾಲ್ಕು ವರ್ಷಕ್ಕೆ, 1985ರಲ್ಲಿ, ತಾವೇ ಕೌಬಾಯ್‌ಗಳ ಎಂಟುನೂರು ಪುಟ ತಂದರು! ಇದಕ್ಕೆ ಏನಂತೀರಿ?

ಹಳೆಪುಸ್ತಕ:
ಕಥೆ ಕೌಬಾಯ್‌ದು, ಆದರೆ ಕೊರಗು ಇದೆಯಾ ಅದರಲ್ಲಿ? ನದಿ ದಾಟುವಾಗ, ಬಿರುಗಾಳಿಯಲ್ಲಿ, ಗಲ್ಲಿಗೇರಿಸುವಾಗ ಎಂತೆಂಥ ಅರ್ಥವಿಲ್ಲದ ಸಾವುಗಳು! ಮೊಂಟಾನಾಗೆ ಯಾಕೆ ಹೋಗಬೇಕು ಅಂತ ಗಸ್ ಪುಸ್ತಕದುದ್ದಕ್ಕೂ ಕೇಳ್ತಾನೆ, ಕಾಲ್ ಹತ್ತಿರ ಉತ್ತರ ಇಲ್ಲ. ಆ ವೀರಗಾಥೆಯ ಬಣ್ಣ ಕೆರೆಯೋದೇ ಅವರ ಉದ್ದೇಶ. ಓದುಗರೇ ಅದನ್ನ ತಲೆಮೇಲೆ ಹೊತ್ತು ಕುಣಿದರು. ಕೊನೆಗೆ ಅವರೇ ಬೇಜಾರಾಗಿ, ಇದು ಪಶ್ಚಿಮದ 'ಗಾನ್ ವಿತ್ ದ ವಿಂಡ್' ಆಗಿಬಿಟ್ಟಿತು, ಅಂದರೆ ಕಳೆದ ಕಾಲವನ್ನ ವೈಭವೀಕರಿಸೋ ಆ ಕಾದಂಬರಿಯ ಹಾಗೆ, ಅನ್ನೋ ಮಾತು ಬರೆದರು.

ತುಂಗಾತೀರ:
ನಾನೂ ಆ ಓದುಗರಲ್ಲಿ ಒಬ್ಬ ಸರ್. ಸಾವುಗಳೆಲ್ಲ ಗೊತ್ತಿದ್ದೂ ನನಗೆ ಅವರ ಜೊತೆ ಹೋಗಬೇಕು ಅನ್ನಿಸಿತು. ಬರೆದವರ ಉದ್ದೇಶ ಒಂದು, ಪುಸ್ತಕದ ಉದ್ದೇಶ ಇನ್ನೊಂದು ಆಗಬಹುದಲ್ವಾ?

ಕಟ್_ಓಕೆ:
ಆಗಬಹುದು. ಆದರೆ ಎಲ್ಲಾ ಪುಸ್ತಕವೂ ಹೀಗಿಲ್ಲ ಅನ್ನೋದನ್ನೂ ಹೇಳಬೇಕು. ದಿನಾ ಬೆಳಗ್ಗೆ ಟೈಪ್‌ರೈಟರ್ ಮುಂದೆ ಕೂತು ಐದು ಪುಟ, ಆಮೇಲಾಮೇಲೆ ಹತ್ತು ಪುಟ. ಹಬ್ಬವಿಲ್ಲ ಹುಣ್ಣಿಮೆಯಿಲ್ಲ. ಸುಮಾರು ಮೂವತ್ತು ಕಾದಂಬರಿಗಳಲ್ಲಿ ಕೊನೆಕೊನೆಯವು ಸಪ್ಪೆ. ಅದು ಸಿನಿಮಾದ ತಪ್ಪಲ್ಲ, ನಿಲ್ಲಿಸೋಕೆ ಬರದ ಕೈಯ ತಪ್ಪು.

ಕರಾವಳಿಯ_ಓದುಗಿ:
ಓದುವುದನ್ನು ನಿಲ್ಲಿಸಿದ್ದೂ ಉಂಟಲ್ಲ. 1991ರಲ್ಲಿ ಹೃದಯಾಘಾತವಾಗಿ ಬೈಪಾಸ್ ಆದ ಮೇಲೆ ಅವರಿಗೆ ತಾನು ತಾನಲ್ಲ ಅನಿಸಲು ಶುರುವಾಯಿತು. ಜೀವಮಾನವಿಡೀ ಓದಿದವರಿಗೆ ಓದುವುದೇ ಬೇಡವಾಯಿತು. ಟೂಸಾನ್‌ನಲ್ಲಿ ಡಯಾನಾ ಒಸಾನಾ ಅವರ ಮನೆಯಲ್ಲಿ ಇದ್ದು, ಅಡಿಗೆಮನೆಯ ಕಟ್ಟೆಯ ಮೇಲೆ ಟೈಪ್‌ರೈಟರ್ ಇಟ್ಟು 'ಲೋನ್ಸಮ್ ಡವ್'ನ ಮುಂದಿನ ಭಾಗ ಬರೆದರು. ಹಳೆಯ ಚಿತ್ರಕಥೆಯ ಹೆಸರನ್ನೇ ಅದಕ್ಕೆ ಇಟ್ಟದ್ದು. ನನ್ನ ತಂದೆಗೆ ಬೈಪಾಸ್ ಆದ ಮೇಲೆ ಅವರೂ ಆರು ತಿಂಗಳು ಪೇಪರ್ ಮುಟ್ಟಲಿಲ್ಲ. ದಿನಾ ಬೆಳಿಗ್ಗೆ ಜಗಲಿಯಲ್ಲಿ ಮಡಿಕೆ ಬಿಚ್ಚದ ಪೇಪರ್ ಹಾಗೆಯೇ ಬಿದ್ದಿರುತ್ತಿತ್ತು. ಅದಕ್ಕೇ ಅವರ ಬಗ್ಗೆ ಈ ವಿಷಯ ಓದಿದಾಗ ನನಗೆ ತುಂಬಾ ತಾಗಿತು.

ಮತ್ತೆ, 'ಬ್ರೋಕ್‌ಬ್ಯಾಕ್ ಮೌಂಟನ್' ಎಂದರೆ ಎಲ್ಲರೂ ಮ್ಯಾಕ್‌ಮರ್ಟ್ರಿ ಎನ್ನುತ್ತಾರೆ. 1997ರಲ್ಲಿ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಬಂದ ಆನಿ ಪ್ರೂ ಅವರ ಸಣ್ಣಕಥೆಯನ್ನು ಮೊದಲು ಓದಿ, ಇವರ ಕೈಗೆ ಕೊಟ್ಟು ಓದಿಸಿದ್ದೇ ಒಸಾನಾ. ಬರೆದದ್ದು ಇಬ್ಬರು. ಆಂಗ್ ಲೀ ಸಿನಿಮಾ ಬಂದದ್ದು 2005ರಲ್ಲಿ. ಎಂಟು ವರ್ಷ ಬಿಡದೆ ಅದರ ಬೆನ್ನು ಹತ್ತಿದವರ ಹೆಸರನ್ನು ಎರಡನೆಯದಾಗಿ ಕೂಡ ಹೇಳದಿದ್ದರೆ ಹೇಗೆ?

ಬೆಳ್ಳಿತೆರೆ:
ಒಪ್ಪಿದೆ. ಆಸ್ಕರ್ ಇಬ್ಬರಿಗೂ ಸೇರಿ ಬಂದದ್ದು, 2006ರಲ್ಲಿ. ಆ ರಾತ್ರಿ ಮ್ಯಾಕ್‌ಮರ್ಟ್ರಿ ಮೇಲೆ ಕೋಟು, ಬೋ ಟೈ, ಕೆಳಗೆ ಜೀನ್ಸ್ ಮತ್ತು ಬೂಟು. ವೇದಿಕೆ ಮೇಲೆ ನಿಂತು ಲೋಕದ ಪುಸ್ತಕ ವ್ಯಾಪಾರಿಗಳಿಗೆಲ್ಲ ಕೃತಜ್ಞತೆ ಹೇಳಿದರು. ಅದಕ್ಕೂ ಮೊದಲು ಗೋಲ್ಡನ್ ಗ್ಲೋಬ್‌ನಲ್ಲಿ ತಮ್ಮ ಹರ್ಮಿಸ್ 3000 ಟೈಪ್‌ರೈಟರ್‌ಗೆ ಧನ್ಯವಾದ ಹೇಳಿದ್ದರು.

ಹಳೆಪುಸ್ತಕ:
ಪುಸ್ತಕ ವ್ಯಾಪಾರಿಗಳಿಗೆ ಹೇಳಿದ್ದನ್ನ ನಾನು ಟೀವಿ ಮುಂದೆ ಕೂತು ಕೇಳಿದೆ. ಮೈ ಜುಮ್ಮಂತು.

ಡಲ್ಲಸ್_ಕನ್ನಡಿಗ:
2012ರ ಆಗಸ್ಟ್‌ನಲ್ಲಿ ಆ ನಾಲ್ಕರಲ್ಲಿ ಮೂರು ಕಟ್ಟಡದ ಪುಸ್ತಕ ಹರಾಜಾಯ್ತು. ಎರಡು ದಿನ, ಮೂರು ಲಕ್ಷದಷ್ಟು ಪುಸ್ತಕ, ಬಿಡಿಯಾಗಿ ಅಲ್ಲ, ಕಪಾಟಿನ ಲೆಕ್ಕದಲ್ಲಿ. ವಯಸ್ಸಾಯ್ತು, ಮುಂದೆ ಮನೆಯವರಿಗೆ ಹೊರೆ ಆಗಬಾರದು ಅಂತ. ನಾನು ಆವಾಗ ಹೋಗಲಿಲ್ಲ. ಆ ಮೂರನೇ ಕಟ್ಟಡ ಖಾಲಿಯಾಗೋದನ್ನ ನೋಡೋಕೆ ಮನಸ್ಸು ಬರಲಿಲ್ಲ.

ಸಾಧನಕೇರಿ:
ಇನ್ನೊಂದು ಹೇಳಬೇಕು. ಈ ಮನಷ್ಯಾ 'ಮೈನರ್ ರೀಜನಲ್ ನಾವೆಲಿಸ್ಟ್' ಅಂತ ಎದಿ ಮ್ಯಾಲ ಬರೆಸಿದ ಅಂಗಿ ಹಾಕ್ಕೊಂಡು ತಿರಗತಿದ್ದ. ಅಂದ್ರ ಸಣ್ಣ, ಪ್ರಾದೇಶಿಕ ಕಾದಂಬರಿಕಾರ. ನ್ಯೂಯಾರ್ಕ್‌ನವರು ಅವನ್ನ ನೋಡೂ ದೃಷ್ಟಿ ಅದ ಇತ್ತು. ಕನ್ನಡದಾಗ ಬರಿಯೋರಿಗೆ ಈ ಪ್ರಾದೇಶಿಕ ಅನ್ನೂ ಶಬ್ದ ಎಷ್ಟ್ ಚುಚ್ಚತದ ಅನ್ನೂದು ಬ್ಯಾರೆ ಹೇಳಬೇಕಿಲ್ಲ. ದಿಲ್ಲಿಯಾಗ ಪ್ರಶಸ್ತಿ ಕೊಡೂ ಮುಂದ ಸುದ್ದಾ 'ಪ್ರಾದೇಶಿಕ ಭಾಷಾ ಲೇಖಕರು' ಅಂತಾರ. ಇಂಗ್ಲಿಷಿನಾಗ ಬರದ ಅಮೆರಿಕಾದಂವಗೂ ಈ ಹಣಿಪಟ್ಟಿ ತಪ್ಪಲಿಲ್ಲ ಅಂತ ತಿಳದಾಗ ಅವ ನನಗ ನಮ್ಮಾವ ಅನ್ನಿಸಿದ.

ಅಜ್ಜಂಪುರದವ:
ಆ ಅಂಗಿ ಹಾಕಿದವರಿಗೆ ಪುಲಿಟ್ಜರ್ ಬಂತು, 2015ರಲ್ಲಿ ಒಬಾಮಾ ಕೈಯಿಂದ ರಾಷ್ಟ್ರೀಯ ಪದಕವೂ ಬಂತು. ಬರೆದದ್ದು ಮಾತ್ರ ಆರ್ಚರ್ ಕೌಂಟಿಯ ಅದೇ ಹುಲ್ಲುಗಾವಲಿನ ಸುತ್ತಮುತ್ತ.

ತುಂಗಾತೀರ:
ಎಲ್ಲರಿಗೂ ಕೈ ಮುಗಿದೆ. ಭಾನುವಾರ ಬಳಗ ಸೇರುತ್ತೆ. ವಾದ ಮಾಡಲ್ಲ. ನ್ಯೂಟ್‌ಗೆ ಗಡಿಯಾರ ಕೊಡೋ ಆ ಮೂರು ಪುಟವನ್ನ ಕನ್ನಡದಲ್ಲಿ ಬರೆದುಕೊಂಡು ಹೋಗಿ ಗಟ್ಟಿಯಾಗಿ ಓದ್ತೀನಿ. ದನಗಾಹಿ ಅಂತಲೇ ಬಳಸ್ತೀನಿ ಅಜ್ಜಂಪುರದಣ್ಣಾ. ಮುಂದೆ ಏನು ಓದಲಿ ಅನ್ನೋದನ್ನೂ ಹೇಳಿ.

ಹಳೆಪುಸ್ತಕ:
'ದ ಲಾಸ್ಟ್ ಪಿಕ್ಚರ್ ಶೋ' ಓದಿ, ಇದಕ್ಕಿಂತ ತುಂಬಾ ಚಿಕ್ಕದು. ಆಮೇಲೆ ಅವರ ಪುಸ್ತಕ ವ್ಯಾಪಾರದ ನೆನಪುಗಳು, 'ಬುಕ್ಸ್' ಅಂತಲೇ ಹೆಸರು, 2008ರದ್ದು. ಹಾಲಿವುಡ್ ಬಗ್ಗೆ ಬೇಕು ಅಂದರೆ 'ಫಿಲ್ಮ್ ಫ್ಲಾಮ್'.

ಕಟ್_ಓಕೆ:
ಬರೆದದ್ದನ್ನ ಇಲ್ಲೂ ಹಾಕಿ ತುಂಗಾತೀರ. ಮೇಡಂಗೆ ಮೊದಲೇ ಎಚ್ಚರಿಕೆ ಕೊಟ್ಟು.

ಕರಾವಳಿಯ_ಓದುಗಿ:
ಪುಸ್ತಕ ನಿನ್ನೆ ಬಂತು. ಹಂದಿ, ಹಾವು ಎಲ್ಲ ಆಯಿತು, ಈಗ ದನಗಳೊಡನೆ ಹೊರಟು ನದಿಯ ದಡಕ್ಕೆ ಬಂದಿದ್ದೇವೆ. ಇನ್ನು ಯಾರೂ ಒಂದು ಮಾತೂ ಹೇಳಬೇಡಿ.